ಬ್ಯಾನ್ ಆದದ್ದು ಹುಡುಗನಲ್ಲ, ಕುರ್ಚಿ!

ಮೊನ್ನೆ ದೇವಾಪುರಕ್ಕೆ ಹೋದಾಗ ಟ್ರಂಕಿನಲ್ಲಿದ್ದ ಹಳೇ ಹಾರ್ಡ್ ಡಿಸ್ಕ್ ಸಿಕ್ಕಿತು. ಅದರಲ್ಲಿ ‘ಲಿಸ್ಟ್‌ಐಪಿ’ ಅನ್ನೋ ಫೈಲು, ಒಳಗೆ ಒಂದೇ ಒಂದು ಸಾಲು. ನೋಡಿ ಒಂಥರಾ ಆಯ್ತು... ಅದನ್ನು ಹೇಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ಕೌಂಟರ್ ಸ್ಟ್ರೈಕ್ 1999ರಲ್ಲಿ ಹಾಫ್ ಲೈಫ್ ಆಟದ ಬಾಲವಾಗಿ ಹುಟ್ಟಿತು, 2000ದಲ್ಲಿ ವಾಲ್ವ್ ಅದನ್ನು ಮಾರಾಟಕ್ಕಿಟ್ಟಿತು. ಮೋಸವೂ ಹೆಚ್ಚುಕಮ್ಮಿ ಜೊತೆಗೇ ಹುಟ್ಟಿತು ಅನ್ನಿ. ಎದುರಾಳಿಯ ಬೊಂಬೆಗೆ ಉದ್ದುದ್ದ ಮುಳ್ಳು ಅಂಟಿಸಿದರೆ ಅವು ಗೋಡೆಯಾಚೆಗೂ ಚಾಚಿ ಕಾಣುತ್ತಿದ್ದವು. 2001ರಲ್ಲಂತೂ ಏಸಸ್ ಕಂಪನಿಯೇ ಗೋಡೆ ಪಾರದರ್ಶಕ ಮಾಡುವ ಡ್ರೈವರ್ ತರ್ತೀವಿ ಅಂದು ಆಟಗಾರರಿಂದ ಬೈಸಿಕೊಂಡಿತು :)

ಕಾವಲಿಗೆ ಮೊದಲು ನಿಂತವರಲ್ಲಿ ಟೋನಿ ರೇ ಒಬ್ಬರು. ಅವರ ಪಂಕ್‌ಬಸ್ಟರ್ 2000ದಲ್ಲಿ ಬಂತು. 2002ರಲ್ಲಿ ವಾಲ್ವ್ ತನ್ನದೇ ‘ವ್ಯಾಕ್’ ತಂದಿತು. ಇದರ ಜಾಣತನ ನನಗಿಷ್ಟ. ಕಳ್ಳನನ್ನು ಹಿಡಿದರೂ ತಕ್ಷಣ ಹೊರಹಾಕೋಲ್ಲ, ತಡಮಾಡಿ ಹಾಕುತ್ತೆ. ಯಾವ ತಪ್ಪಿಗೆ ಸಿಕ್ಕಿಬಿದ್ದೆ ಅಂತ ಅವನಿಗೆ ಗೊತ್ತಾಗಬಾರದಲ್ಲ! ಮೊದಮೊದಲು 24 ಗಂಟೆ ಇದ್ದ ಶಿಕ್ಷೆ ಆಮೇಲೆ ಶಾಶ್ವತವಾಯಿತು.

ಆದರೆ ಇದೆಲ್ಲ ಇಂಟರ್ನೆಟ್ ಇದ್ದವರ ಭಾಗ್ಯ. ನಮ್ಮ ದೇವಾಪುರ ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲಿದ್ದ ದಿನಗಳವು. ಓದಲು ಗುಲ್ಬರ್ಗಕ್ಕೆ ಹೋದ ನಾನು ಒಂದು ಸೈಬರ್ ಕೆಫೆಯಲ್ಲಿ ರಾತ್ರಿ ಹೊತ್ತು ಸರ್ವರ್ ನೋಡಿಕೊಳ್ಳುತ್ತಿದ್ದೆ. ‘ಎಸ್‌ವಿ_ಲ್ಯಾನ್ 1’ ಅಂತ ಹಾಕಿದರೆ ಹೊರಗಿನ ಸಂಪರ್ಕ ಬೇಕಿಲ್ಲ, ಆದರೆ ಎಲ್ಲ ಆಟಗಾರರ ಗುರುತಿನ ಸಂಖ್ಯೆಯೂ ಒಂದೇ ಆಗುತ್ತಿತ್ತು. ವ್ಯಾಕ್ ಕೂಡ ಇಲ್ಲ. ‘ಎಸ್‌ವಿ_ಚೀಟ್ಸ್ 0’ ಇದ್ದರೆ ಸಾಕು ಅಂದುಕೊಂಡವರು ಬಹಳ ಜನ, ನಾನೂ ಒಬ್ಬ. ಅದು ಆಟದೊಳಗಿನ ಕಮಾಂಡುಗಳನ್ನಷ್ಟೇ ತಡೆಯೋದು, ಹೊರಗಿಂದ ತಂದ ಪ್ರೋಗ್ರಾಮಿಗೆ ಅದರ ಲೆಕ್ಕವೇ ಇಲ್ಲ. ‘ಎಂಪಿ_ಕನ್ಸಿಸ್ಟೆನ್ಸಿ 1’ ಮುಳ್ಳಿನ ಬೊಂಬೆಗಳನ್ನು ಹಿಡಿಯುತ್ತಿತ್ತು, ಪುಣ್ಯಕ್ಕೆ. ಉಳಿದದ್ದು ಐಪಿ ವಿಳಾಸ.

ಒಂದು ರಾತ್ರಿ ಏಳನೇ ಕಂಪ್ಯೂಟರಿನಿಂದ ಒಬ್ಬ ಗೋಡೆಯಾಚೆಗಿನವರನ್ನೆಲ್ಲ ಹೊಡೀತಿದ್ದ. ‘ಆ್ಯಡ್‌ಐಪಿ 0’ ಹಾಕಿ, ‘ರೈಟ್‌ಐಪಿ’ ಕೊಟ್ಟು ಮಲಗಿದೆ. ಸೊನ್ನೆ ಅಂದರೆ ಶಾಶ್ವತ. ಮಾರನೇ ದಿನ ಆ ಕುರ್ಚಿಯಲ್ಲಿ ಕೂತದ್ದು ಸುರಪುರ ಕಡೆಯ ಒಬ್ಬ ಸಣ್ಣ ಹುಡುಗ. ಬ್ಯಾನ್ ಅಂತ ಬಂತು. ‘ಕಳ್ಳ ಸಿಕ್ಕ’ ಅಂತ ಎಲ್ಲರೂ ಕೂಗಿದರು. “ಅಣ್ಣಾ, ನಾ ಏನ್ ಮಾಡೀನ್ರೀ?” ಅಂದ. ನಾನು ಫೈಲನ್ನು ನಂಬಿದೆ, ಅವನನ್ನಲ್ಲ. ನಿಜವಾದವನು ಮೂರನೇ ಕಂಪ್ಯೂಟರಿನಲ್ಲಿ ಕೂತು ನಗುತ್ತಿದ್ದ. ನನಗೆ ಇದು ಹೊಳೆಯಲು ಒಂದು ವಾರ ಬೇಕಾಯ್ತು, ಅಷ್ಟರಲ್ಲಿ ಹುಡುಗ ಬರೋದು ಬಿಟ್ಟಿದ್ದ.

2018ರ ಅಕ್ಟೋಬರಿನಲ್ಲಿ ಶಾಂಘೈ ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬ ಸಿಕ್ಕಿಬಿದ್ದಾಗ ಇದೇ ನೆನಪಾಯ್ತು. ಅವನ ಮೋಸದ ಫೈಲಿನ ಹೆಸರು ‘ವರ್ಡ್’! ಅಲ್ಲಿ ಅಧಿಕಾರಿಗಳು ಆಟಗಾರನ ಹತ್ತಿರವೇ ಹೋಗಿ, ಅವನ ಕಂಪ್ಯೂಟರನ್ನೇ ನೋಡಿದರು. ನಾನು ಆರಡಿ ದೂರದ ಏಳನೇ ಕುರ್ಚಿಗೂ ಎದ್ದು ಹೋಗಿರಲಿಲ್ಲ.

ಆ ಸಾಲನ್ನು ಮೊನ್ನೆ ಅಳಿಸಿದೆ. ಸರ್ವರ್ ಇಲ್ಲ, ಕೆಫೆಯೂ ಇಲ್ಲ... ಆದರೂ ಅಳಿಸಿದೆ.