ಕೈದಾಳದ ಚೆನ್ನಕೇಶವ ಗುಡಿ: ಕೈ ಬಂದ ಕಥೆ, ಕಟ್ಟಿಸಿದ ಬಾಚಿ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸಿಗುವ ಗೂಳೂರಿಗೆ ಜನ ಹೋಗೋದು ಗಣಪನಿಗಾಗಿ. ಪಕ್ಕದಲ್ಲೇ ಕೈದಾಳ. ಅಲ್ಲಿನ ಚೆನ್ನಕೇಶವ ಗುಡಿಗೆ ಎಂಟು ಶತಮಾನ ದಾಟಿದೆ.

ಗುಡಿ ಯಾರದ್ದು ಅಂದರೆ ಮೊದಲು ಬರೋದು ಜಕಣಾಚಾರಿ ಹೆಸರು. ಬೇಲೂರಿನಲ್ಲಿ ಅವನು ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಅಂದನಂತೆ ಹುಡುಗ ಡಂಕಣ. ಮೈಗೆಲ್ಲ ಗಂಧ ಸವರಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಒಡೆದು ನೋಡಿದರೆ ಒಳಗೆ ಕಪ್ಪೆ! ಆಡಿದ ಮಾತಿನಂತೆ ಜಕಣ ಬಲಗೈ ಕಡಿದುಕೊಂಡ. ಹುಡುಗ ತನ್ನದೇ ಮಗ ಅಂತ ಆಮೇಲೆ ತಿಳೀತು. ಹುಟ್ಟೂರು ಕ್ರೀಡಾಪುರಕ್ಕೆ ಬಂದು ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತು, ಊರು ಕೈದಾಳ ಆಯ್ತು.

ಕಥೆ ಸೊಗಸಾಗಿದೆ. ಆದರೆ ಬೇಲೂರು ಗುಡಿಯ ಶಿಲ್ಪಗಳ ಮೇಲೆ ದಾಸೋಜ, ಚಾವಣ ಮುಂತಾದವರ ಹೆಸರು ಕೆತ್ತಿರೋದು ಕಾಣುತ್ತೆ, ಜಕಣಾಚಾರಿಯದು ಮಾತ್ರ ಇಲ್ಲ. ಕೈದಾಳದ ಗುಡಿ ಸುಮಾರು 1150ರದ್ದು. ಕಟ್ಟಿಸಿದವನು ಹೊಯ್ಸಳ ನರಸಿಂಹನ ಸಾಮಂತ ಗೂಳಿ ಬಾಚಿ. ಇಲ್ಲಿನ ಗಂಗಾಧರೇಶ್ವರ ಗುಡಿಯೂ ಅವನದ್ದೇ. ಜೈನ ಬಸದಿಯನ್ನೂ ಕಟ್ಟಿಸಿದ್ದ ಅನ್ನುತ್ತೆ ಶಾಸನ.

ಜಕಣಾಚಾರಿ ಹೆಸರಲ್ಲಿ ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತೆ. ಬಾಚಿ ಹೆಸರು ಉಳಿದಿರೋದು ಕೈದಾಳದ ಕಲ್ಲಿನಲ್ಲಿ.