ಟರ್ಕಿ ಕೋಳಿ ಬೇಟೆ ರೀಲ್ಸ್ ಆದ ಕಥೆ

1/6
ಮೊದಲನೇ ಫೋಟೋ ಒಂದ್ಸಲ ನೋಡಿ. ಮಂಡಿಯೂರಿ ಕೂತ ಒಬ್ಬ ಮನುಷ್ಯ. ಟೋಪಿಯಿಂದ ಬೂಟಿನವರೆಗೆ ಮರದ ತೊಗಟೆ, ಎಲೆಗಳ ಚಿತ್ರ ಇರೋ ಬಟ್ಟೆ. ಮುಂದೆ ಸತ್ತ ಗಂಡು ಟರ್ಕಿ ಕೋಳಿ, ಅದರ ಬಾಲದ ಗರಿಗಳನ್ನು ಬೀಸಣಿಗೆ ಥರ ಅಗಲಿಸಿ ಕ್ಯಾಮೆರಾಗೆ ತೋರಿಸ್ತಿದಾನೆ. ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಯಾವುದೇ ಬೇಟೆ ಹ್ಯಾಷ್‌ಟ್ಯಾಗ್ ತೆರೆದರೂ ಇದೇ ಭಂಗಿ, ಇದೇ ಬಟ್ಟೆ, ಇದೇ ನಗು ಸಾಲಾಗಿ ಬರುತ್ತೆ. ಈ ಸಲದ ಸರಣಿ ಈ ಫೋಟೋದ ಹಿಂದಿನ ಇತಿಹಾಸದ ಬಗ್ಗೆ.

'ನಮಗೂ ಇದಕ್ಕೂ ಏನೋ ಸಂಬಂಧ' ಅಂತ ಕ್ಲಾಸಲ್ಲಿ ಕೇಳೋರು ಇದ್ದೇ ಇರ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಎಷ್ಟೋ ವರ್ಷದ ಮೇಲೆ ಹುಟ್ಟಿದವರು ನಾವು. ಬೇಟೆ ಅಂದರೆ ನಮಗೆ ಓದಿದ್ದು, ನೋಡಿದ್ದು, ಅಷ್ಟೇ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಹಾಸ್ಟೆಲ್ ಮಂಚದ ಮೇಲೆ ಮಲಗಿ ಓದಿ ಕಾಡು ಕಂಡವರು. ನಮ್ಮ ಪಾಲಿಗೆ ಬೇಟೆ ಯಾವತ್ತೂ ಮೀಡಿಯಾನೇ. ಆದರೆ ನಿಜವಾಗಿ ಕಾಡಿಗೆ ಹೋಗೋ ಜನರ ಬೇಟೆಯನ್ನೇ ಮೀಡಿಯಾ ಬದಲಾಯಿಸಿಬಿಟ್ಟರೆ? ಅದಕ್ಕೆ ಟರ್ಕಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಹೆಸರಿನ ತಮಾಷೆ ಹೇಳಿಬಿಡ್ತೀನಿ. ಹಕ್ಕಿ ಅಪ್ಪಟ ಉತ್ತರ ಅಮೆರಿಕದ್ದು. ಇಂಗ್ಲಿಷರು ಅದಕ್ಕೆ ಟರ್ಕಿ ದೇಶದ ಹೆಸರಿಟ್ಟರು. ಟರ್ಕಿ ದೇಶದವರು ಅದನ್ನು 'ಹಿಂದಿ' ಅಂತಾರೆ, ಅಂದರೆ ಹಿಂದೂಸ್ಥಾನದ್ದು! ಹಿಂದೂಸ್ಥಾನದ ಬಾದಶಹನಿಗೋ ಅದು ಪರದೇಶಿ ಅದ್ಭುತ. 1612ರಲ್ಲಿ ಗೋವಾದಿಂದ ತರಿಸಿದ ಒಂದು ಟರ್ಕಿಯನ್ನು ನೋಡಿ ಜಹಾಂಗೀರ್ ಬೆರಗಾಗಿ ಅದರ ಚಿತ್ರ ಬರೆಸಿದ. ಎರಡನೇ ಫೋಟೋದಲ್ಲಿರೋದು ಆಸ್ಥಾನದ ಕಲಾವಿದ ಮನ್ಸೂರ್‌ನದು ಅಂತ ಹೇಳೋ ಟರ್ಕಿ ಚಿತ್ರ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಈ ಹಕ್ಕಿ ಫೋಟೋಗೆ ಚೆನ್ನಾಗಿ ಬರುತ್ತೆ ಅನ್ನೋದು 400 ವರ್ಷದ ಹಿಂದೆಯೇ ಗೊತ್ತಾಗಿತ್ತು ಅನ್ನಿ.

2/6
ಬೇಟೆ ಹೇಗೆ ನಡೆಯುತ್ತೆ ಅಂತ ತಿಳ್ಕೊಳ್ಳದೆ ಮುಂದಿನದು ಅರ್ಥ ಆಗಲ್ಲ, ಸ್ವಲ್ಪ ತಾಳ್ಮೆ ಇರಲಿ.

ವಸಂತಕಾಲ. ಗಂಡು ಟರ್ಕಿ ರಾತ್ರಿ ಮರದ ಕೊಂಬೆ ಮೇಲೆ ಮಲಗುತ್ತೆ. ಬೆಳಕು ಹರಿಯೋ ಹೊತ್ತಿಗೆ ಅಲ್ಲಿಂದಲೇ ಗುಳುಗುಳು ಅಂತ ಇಡೀ ಕಾಡಿಗೆ ಕೇಳೋ ಹಾಗೆ ಕೂಗುತ್ತೆ. ಆ ಕೂಗಿಗೆ 'ಗಾಬಲ್' ಅಂತಾರೆ. ಕೂಗು ಕೇಳಿದ ಹೆಣ್ಣು ಗಂಡಿನ ಹತ್ತಿರ ಹೋಗೋದು ಹಕ್ಕಿಗಳ ಪದ್ಧತಿ. ಬೇಟೆಗಾರ ಅದನ್ನು ಉಲ್ಟಾ ಮಾಡಬೇಕು. ಕತ್ತಲಲ್ಲೇ ಹೋಗಿ, ಮರಕ್ಕೆ ಬೆನ್ನು ಕೊಟ್ಟು, ಅಲ್ಲಾಡದೆ ಕೂತು, ಹೆಣ್ಣಿನ ದನಿ ಹೊರಡಿಸಿ, ಗಂಡೇ ತನ್ನ ಹತ್ತಿರ ನಡೆದು ಬರೋ ಹಾಗೆ ನಂಬಿಸಬೇಕು. ಟರ್ಕಿ ಕಣ್ಣು ವಿಪರೀತ ಚುರುಕು, ಬಣ್ಣವೂ ಕಾಣುತ್ತೆ. ಹಳೇ ಕೋವಿಯ ಸೀಸದ ಗುಂಡುಗಳಿಗೆ 40 ಗಜ ಅಂದರೆ ಹೆಚ್ಚು. ಹಾಗಾಗಿ ಎಷ್ಟೋ ಬೆಳಗ್ಗೆ ಏನೂ ಆಗಲ್ಲ. ಸೊಳ್ಳೆ ಕಚ್ಚಿಸಿಕೊಂಡು ಬರಿಗೈಲಿ ವಾಪಸ್ ಬರೋದೇ ಈ ಬೇಟೆಯ ಬಹುಪಾಲು.

ದನಿ ಹೊರಡಿಸೋ ಸಾಧನಕ್ಕೆ 'ಕಾಲ್' ಅಂತ ಹೆಸರು. ಟರ್ಕಿಯದೇ ರೆಕ್ಕೆ ಮೂಳೆಯಿಂದ ಮಾಡಿದ ಪೀಪಿ ಅಲ್ಲಿನ ಮೂಲನಿವಾಸಿಗಳ ಕಾಲದ್ದು. 1897ರಲ್ಲಿ ಅರ್ಕಾನ್ಸಾಸ್‌ನ ಹೆನ್ರಿ ಗಿಬ್ಸನ್ ಮರದ ಪೆಟ್ಟಿಗೆ ಕಾಲ್‌ಗೆ ಪೇಟೆಂಟ್ ತಗೊಂಡ. ಉದ್ದನೆಯ ಪುಟ್ಟ ಡಬ್ಬಿ, ಮೇಲೆ ಹಿಡಿ ಇರೋ ಮುಚ್ಚಳ. ಸೀಮೆಸುಣ್ಣ ಹಚ್ಚಿ ಉಜ್ಜಿದರೆ ಹೆಣ್ಣು ಟರ್ಕಿಯದೇ ದನಿ. ಡಬ್ಬಿ ದುಡ್ಡಿಗೆ ಸಿಗುತ್ತಿತ್ತು. ಆದರೆ ಯಾವಾಗ ಕೂಗಬೇಕು, ಯಾವಾಗ ಬಾಯಿ ಮುಚ್ಚಿಕೊಂಡು ಕೂರಬೇಕು ಅನ್ನೋದನ್ನು ಅಪ್ಪನೋ ಅಜ್ಜನೋ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕಿತ್ತು. ಹಕ್ಕಿ ಇರೋ ಜಾಗ ಯಾವುದು ಅಂತ ಮನೆಯವರ ಆಚೆ ಯಾರಿಗೂ ಬಾಯಿ ಬಿಡ್ತಿರಲಿಲ್ಲ.

3/6
ಹಾಗಂತ ಹಳೇ ಕಾಲ ಬಹಳ ಪವಿತ್ರ ಅಂದ್ಕೋಬೇಡಿ. ಟರ್ಕಿಯ ಮೊದಲ ಶತ್ರು ಇನ್‌ಸ್ಟಾ ಅಲ್ಲ, ಮಾಂಸದ ಮಾರುಕಟ್ಟೆ. 19ನೇ ಶತಮಾನದಲ್ಲಿ ಕಾಡು ಟರ್ಕಿಗಳನ್ನು ಸಿಕ್ಕಷ್ಟು ಹೊಡೆದು ಪೇಟೆಗೆ ಸಾಗಿಸಿ ಮಾರೋ ವೃತ್ತಿಯೇ ಇತ್ತು. ಜೊತೆಗೆ ಕಾಡು ಕಡಿದು ಹೊಲ ಮಾಡಿದರು. ಮೊದಲು 39 ರಾಜ್ಯಗಳಲ್ಲಿದ್ದ ಹಕ್ಕಿ 1920ರ ಹೊತ್ತಿಗೆ 18 ರಾಜ್ಯಗಳಿಂದ ಪೂರ್ತಿ ಮಾಯವಾಗಿತ್ತು.

ಉಳಿಸಿದ್ದು ಯಾರು? ಇಲ್ಲಿ ಕಥೆ ಸಿಕ್ಕಾಗುತ್ತೆ. 1900ರ ಲೇಸಿ ಕಾಯ್ದೆ, ಕದ್ದು ಹೊಡೆದ ಪ್ರಾಣಿಪಕ್ಷಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರೋದನ್ನು ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ, ಬೇಟೆ ಕೋವಿ ಮತ್ತು ಕಾಡತೂಸಿನ ಮೇಲಿನ ತೆರಿಗೆಯನ್ನು ನೇರವಾಗಿ ವನ್ಯಜೀವಿ ಕೆಲಸಕ್ಕೆ ಇಟ್ಟಿತು. ಈ ತೆರಿಗೆ 11%. ಅಂದರೆ ಕೋವಿ ಜಾಸ್ತಿ ಮಾರಾಟವಾದಷ್ಟೂ ಟರ್ಕಿ ಉಳಿಸೋಕೆ ಜಾಸ್ತಿ ದುಡ್ಡು. ಓದಿದಾಗ ನನಗೂ ವಿಚಿತ್ರ ಅನ್ನಿಸಿತು, ಆದರೆ ಲೆಕ್ಕ ಹಾಗೇ ಇದೆ. ಮೊದಲು ಫಾರಂನಲ್ಲಿ ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ತಾಯಿ ಇಲ್ಲದೆ ಬೆಳೆದ ಆ ಕೋಳಿಗಳಿಗೆ ಕಾಡಲ್ಲಿ ಬದುಕೋದೇ ಗೊತ್ತಿರಲಿಲ್ಲ. ಆಮೇಲೆ 1951ರಲ್ಲಿ ದಕ್ಷಿಣ ಕ್ಯಾರೊಲಿನಾದ ಫ್ರಾನ್ಸಿಸ್ ಮೇರಿಯನ್ ಕಾಡಿನಲ್ಲಿ, ಸಣ್ಣ ಫಿರಂಗಿಗಳಿಂದ ಹಾರಿಸೋ ಬಲೆ ಹಾಕಿ ಕಾಡು ಟರ್ಕಿಗಳನ್ನೇ ಜೀವಂತ ಹಿಡಿದರು. ಹೀಗೆ ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟಿದ್ದು ಕೆಲಸ ಮಾಡಿತು. 1973ರಲ್ಲಿ ಬೇಟೆಗಾರರದೇ ಸಂಸ್ಥೆ ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಷನ್ ಶುರುವಾದಾಗ ಸುಮಾರು 13 ಲಕ್ಷ ಹಕ್ಕಿಗಳಿದ್ದವು. 2000ದ ದಶಕದ ಮೊದಲ ವರ್ಷಗಳಲ್ಲಿ 60 ಲಕ್ಷ ದಾಟಿದವು. ಅಲಾಸ್ಕಾ ಬಿಟ್ಟು ಎಲ್ಲಾ ರಾಜ್ಯದಲ್ಲೂ ಟರ್ಕಿ!

4/6
ಹಕ್ಕಿ ಜಾಸ್ತಿ ಆಯ್ತು. ಹೊಡೆಯೋಕೆ ಬಂದ ಹೊಸಬರಲ್ಲಿ ಬಹಳ ಜನರಿಗೆ ಕಲಿಸೋ ಅಜ್ಜ ಇರಲಿಲ್ಲ, ಯಾಕಂದರೆ ಅವರ ಅಜ್ಜನ ಕಾಲದಲ್ಲಿ ಆ ಊರಲ್ಲಿ ಟರ್ಕಿನೇ ಇರಲಿಲ್ಲ. ಆ ಖಾಲಿ ಜಾಗಕ್ಕೆ ಮೀಡಿಯಾ ಬಂತು.

ಪುಸ್ತಕ ಮೊದಲೂ ಇತ್ತು. ಟಬ್ಯಾಸ್ಕೊ ಸಾಸ್ ಮನೆತನದ ಎಡ್ವರ್ಡ್ ಮಕಿಲ್‌ಹೆನಿ, ಚಾರ್ಲ್ಸ್ ಜೋರ್ಡನ್ ಅನ್ನೋ ಹಳೇ ಬೇಟೆಗಾರ ಬಿಟ್ಟುಹೋದ ಬರಹ, ಫೋಟೋಗಳನ್ನು ಇಟ್ಟುಕೊಂಡು 1914ರಲ್ಲೇ ಟರ್ಕಿ ಬೇಟೆ ಪುಸ್ತಕ ತಂದಿದ್ದ. 1973ರಲ್ಲಿ ಅಲಬಾಮಾದ ಟಾಮ್ ಕೆಲ್ಲಿ 'ಟೆಂತ್ ಲೀಜನ್' ಬರೆದ. ಆದರೆ ಪುಸ್ತಕದಲ್ಲಿ ದನಿ ಕೇಳಿಸಲ್ಲ ನೋಡಿ. ದನಿ ಕೇಳಿಸಿದ್ದು ಗ್ರಾಮಫೋನ್ ರೆಕಾರ್ಡು, ಕ್ಯಾಸೆಟ್ಟು, ಕೊನೆಗೆ ವಿಎಚ್‌ಎಸ್. ಮಿಸ್ಸಿಸಿಪ್ಪಿಯ ವಿಲ್ ಪ್ರೈಮೋಸ್ 1970ರ ದಶಕದಲ್ಲಿ ಕಾಲ್ ಮಾಡಿ ಮಾರೋಕೆ ಶುರುಮಾಡಿದವನು, 80ರ ದಶಕದಲ್ಲಿ ತನ್ನ ಬೇಟೆಯ ವಿಡಿಯೋ ಕ್ಯಾಸೆಟ್‌ಗಳನ್ನೂ ತಂದ. ನೋಡಿದವನಿಗೆ ಪಾಠ, ಮಾರಿದವನಿಗೆ ಜಾಹೀರಾತು. ಎರಡೂ ಒಂದೇ ಕ್ಯಾಸೆಟ್‌ನಲ್ಲಿ. ಇವತ್ತಿನ ಇನ್‌ಫ್ಲುಯೆನ್ಸರ್ ಮಾಡೋದು ಇದನ್ನೇ ಅಲ್ವಾ?

ಮೊದಲ ಫೋಟೋದ ಬಟ್ಟೆ ನೆನಪಿದೆಯಾ? ಅದು 1986ರ ಕೂಸು. ಮಿಸ್ಸಿಸಿಪ್ಪಿಯ ಟಾಕ್ಸಿ ಹಾಸ್ ಕಾಡಿನಿಂದ ಮಣ್ಣು, ಕಡ್ಡಿ, ತರಗೆಲೆ ಚೀಲದಲ್ಲಿ ತುಂಬ್ಕೊಂಡು ಬಟ್ಟೆ ಮಿಲ್ಲಿಗೆ ಹೋಗಿ 'ಇದೇ ಥರ ಬಟ್ಟೆ ಮಾಡಿಕೊಡಿ' ಅಂದನಂತೆ. ಅದು ಮಾಸಿ ಓಕ್ ಆಯ್ತು. ಅದೇ ವರ್ಷ ಜಾರ್ಜಿಯಾದಲ್ಲಿ ಬಿಲ್ ಜೋರ್ಡನ್ ರಿಯಲ್‌ಟ್ರೀ ಶುರುಮಾಡಿದ. ಟರ್ಕಿಯ ಕಣ್ಣಿಗೆ ಬೀಳದಿರಲಿ ಅಂತ ಹುಟ್ಟಿದ ಬಟ್ಟೆ ಈಗ ಟ್ರಕ್ ಸೀಟಿನ ಮೇಲೆ, ಸೋಫಾ ಮೇಲೆ, ಮದುವೆ ಗೌನಿನ ಮೇಲೆ ಕೂಡ ಇದೆ. ಕಾಣಬಾರದು ಅಂತ ಮಾಡಿದ್ದೇ ನಾನು ಯಾರು ಅಂತ ತೋರಿಸೋ ಗುರುತಾಯ್ತು!

5/6
ಟಿವಿ, ಆಮೇಲೆ ಯೂಟ್ಯೂಬ್ ಬಂದ ಮೇಲೆ ಬದಲಾಗಿದ್ದು ಬೇಟೆಯ ಒಳಗಿನ ರೀತಿ. ಐದು ದಿನ ಕೂತು ಬರಿಗೈಲಿ ಬಂದದ್ದು ಅರ್ಧ ಗಂಟೆ ಕಾರ್ಯಕ್ರಮ ಆಗಲ್ಲ. ಎಡಿಟಿಂಗ್‌ನಲ್ಲಿ ಕಾಯೋದು ಹೋಯ್ತು, ಕೊನೆಯ ಗುಂಡು ಉಳೀತು.

ಕ್ಯಾಮೆರಾಗೆ ಚೆನ್ನಾಗಿ ಕಾಣೋ ವಿಧಾನಗಳು ಬೇಗ ಹರಡಿದವು. ಒಂದು ಉದಾಹರಣೆ 'ಫ್ಯಾನಿಂಗ್'. ಬೇಟೆಗಾರ ಟರ್ಕಿಯ ಬಾಲದ ಗರಿಗಳನ್ನು ಮುಖದ ಮುಂದೆ ಹಿಡಿದು ಬಯಲಿನಲ್ಲಿ ತೆವಳಿಕೊಂಡು ಹೋಗ್ತಾನೆ. ಇನ್ನೊಂದು ಗಂಡು ಬಂತು ಅಂತ ಸಿಟ್ಟಾದ ಟರ್ಕಿ ಹೋರಾಡೋಕೆ ಕೆಲವೇ ಗಜದ ಹತ್ತಿರ ಓಡಿ ಬರುತ್ತೆ. ವಿಡಿಯೋ ಅಂತೂ ಮೈ ಜುಂ ಅನ್ನಿಸುತ್ತೆ. ಆದರೆ ಕಾಡಿನ ಬಣ್ಣದ ಬಟ್ಟೆ ಹಾಕಿದ ಮನುಷ್ಯ ಟರ್ಕಿ ಬಾಲದ ಹಿಂದೆ ತೆವಳ್ತಿದ್ದರೆ ಇನ್ನೊಬ್ಬ ಬೇಟೆಗಾರನಿಗೆ ಏನು ಕಾಣುತ್ತೆ ಯೋಚಿಸಿ. ಕೆಲವು ರಾಜ್ಯಗಳು ಸಾರ್ವಜನಿಕ ಕಾಡಿನಲ್ಲಿ ಇದನ್ನು ನಿಷೇಧಿಸಿವೆ.

ಇನ್ನೊಂದು ಟಂಗ್‌ಸ್ಟನ್ ಕಾಡತೂಸು. ಸೀಸಕ್ಕಿಂತ ಬಹಳ ಭಾರದ ಲೋಹ, ಹಾಗಾಗಿ ಸಣ್ಣ ಗುಂಡೂ ದೂರದವರೆಗೆ ಬಲ ಉಳಿಸಿಕೊಳ್ಳುತ್ತೆ. ಒಂದಕ್ಕೆ ಸುಮಾರು 10 ಡಾಲರ್. 40 ಗಜದ ಒಳಗೆ ಕರೆಯೋ ವಿದ್ಯೆ ಇಲ್ಲದಿದ್ದರೂ 60 ಗಜಕ್ಕೆ ಹೊಡೆಯೋ ಆಸೆ ಹುಟ್ಟುತ್ತೆ. ನನಗೆ ಹೆಚ್ಚು ಬೇಜಾರು ಅನ್ನಿಸಿದ್ದು ಇದೇ. ಹತ್ತಿರ ಕರೆಯೋದೇ ಬೇಡ ಅಂದ ಮೇಲೆ ಅದು ಯಾವ ಟರ್ಕಿ ಬೇಟೆ?

ಆಮೇಲೆ 'ಸ್ಲಾಮ್'ಗಳು. ಅಮೆರಿಕದ ನಾಲ್ಕು ಉಪಜಾತಿ ಟರ್ಕಿ ಹೊಡೆದರೆ ಗ್ರ್ಯಾಂಡ್ ಸ್ಲಾಮ್, 49 ರಾಜ್ಯದಲ್ಲೂ ಒಂದೊಂದು ಹೊಡೆದರೆ ಸೂಪರ್ ಸ್ಲಾಮ್. ನಾಲ್ಕರಲ್ಲಿ ಆಸಿಯೋಲಾ ಅನ್ನೋದು ಫ್ಲೋರಿಡಾದಲ್ಲಿ ಮಾತ್ರ ಇದೆ. ಪಟ್ಟಿ ಮುಗಿಸೋಕೆ ಎಲ್ಲರೂ ಅಲ್ಲಿಗೇ ಬರಬೇಕು, ಹಾಗಾಗಿ ಗೈಡ್ ಜೊತೆಗಿನ ಒಂದು ಬೇಟೆಗೆ ಸಾವಿರಾರು ಡಾಲರ್. ದುಡ್ಡಿಲ್ಲದವರು ಸಾರ್ವಜನಿಕ ಕಾಡಿಗೆ ಹೋಗ್ತಾರೆ. ಆ ಕಾಡು ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತ ಆನ್‌ಎಕ್ಸ್ ಥರದ ಮ್ಯಾಪ್ ಆ್ಯಪ್ ಫೋನಲ್ಲೇ ತೋರಿಸುತ್ತೆ. ಅಜ್ಜನ ಗುಟ್ಟು ಈಗ ಒಂದು ಪಿನ್.

ಇನ್ನೊಂದು ಮುಖವನ್ನೂ ಹೇಳಬೇಕು. ಅಜ್ಜನ ಗುಟ್ಟು ಅಜ್ಜನ ಮೊಮ್ಮಕ್ಕಳಿಗೆ ಮಾತ್ರ ಸಿಗ್ತಿತ್ತು. ಬೇಟೆ ಮನೆತನ ಇಲ್ಲದ ಪೇಟೆ ಹುಡುಗಿಯೊಬ್ಬಳು ಇವತ್ತು ಟರ್ಕಿ ಕರೆಯೋದು ಕಲಿತಿದ್ದರೆ ಅದು ಯೂಟ್ಯೂಬ್‌ನಿಂದ. 'ದಿ ಹಂಟಿಂಗ್ ಪಬ್ಲಿಕ್' ಥರದ ಚಾನೆಲ್‌ಗಳು ಊರೂರು ತಿರುಗಿ ಸಾರ್ವಜನಿಕ ಕಾಡಿನಲ್ಲಿ ಬೇಟೆಯಾಡಿ, ಸೋತ ಬೆಳಗುಗಳನ್ನೂ ಹಾಕ್ತವೆ. ಸ್ಥಳೀಯರಿಗೆ ಮಾತ್ರ ಸಿಟ್ಟು: ವಿಡಿಯೋದಲ್ಲಿ ಕಂಡ ಗುಡ್ಡದ ಗುರುತು ಹಿಡಿದು ಮುಂದಿನ ವಾರ ಬೇರೆ ರಾಜ್ಯದ ಟ್ರಕ್‌ಗಳು ಬಂದು ನಿಲ್ತವೆ ಅಂತ. ಇಬ್ಬರ ಮಾತೂ ನಿಜ ಅನ್ನಿಸುತ್ತೆ ನನಗೆ.

6/6
2020ರ ಲಾಕ್‌ಡೌನ್ ವಸಂತದಲ್ಲಿ ಕೆಲಸ, ಕಾಲೇಜು ಇಲ್ಲದೆ ಇನ್ನಷ್ಟು ಜನ ಕಾಡಿಗೆ ನುಗ್ಗಿದರು. ಅದೂ ಎಂಥಾ ಹೊತ್ತಲ್ಲಿ? ದಕ್ಷಿಣದ ಹಲವು ರಾಜ್ಯಗಳಲ್ಲಿ ಟರ್ಕಿ ಅಷ್ಟು ಹೊತ್ತಿಗಾಗಲೇ ಕಡಿಮೆಯಾಗ್ತಿತ್ತು, ಒಂದು ಹೆಣ್ಣಿಗೆ ಬದುಕಿ ಉಳಿಯೋ ಮರಿಗಳು ಇಳೀತಿದ್ದವು. ಎಲ್ಲಾ ತಪ್ಪು ಬೇಟೆಗಾರರ ಮೇಲೆ ಹಾಕೋದು ಸರಿಯಲ್ಲ. ಗೂಡು ಕಟ್ಟೋ ಹುಲ್ಲು-ಪೊದೆ ಹೋಗಿದೆ, ಮೊಟ್ಟೆ ತಿನ್ನೋ ರಕೂನ್‌ನಂಥ ಪ್ರಾಣಿಗಳಿವೆ. ಆದರೆ ಕಾನೂನಿನ ಕೈಗೆ ಬೇಗ ಸಿಗೋದು ಬೇಟೆನೇ. ಅಲಬಾಮಾ ಒಬ್ಬರಿಗೆ 5 ಇದ್ದ ಮಿತಿಯನ್ನು 4ಕ್ಕೆ ಇಳಿಸಿತು, ಬೇಟೆ ಶುರುವಾಗೋ ದಿನವನ್ನು ಮುಂದೆ ಹಾಕಿತು, ಮೊದಲ 10 ದಿನ ಪ್ಲಾಸ್ಟಿಕ್ ಟರ್ಕಿ ಗೊಂಬೆ ಇಡೋ ಹಾಗಿಲ್ಲ ಅಂದಿತು. ಕ್ಯಾನ್ಸಸ್ 2023ರಲ್ಲಿ ಶರತ್ಕಾಲದ ಬೇಟೆಯನ್ನೇ ನಿಲ್ಲಿಸಿತು. ನೆಬ್ರಾಸ್ಕಾ ಹೊರರಾಜ್ಯದವರ ಪರ್ಮಿಟ್‌ಗೆ ಮಿತಿ ಹಾಕಿತು.

ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕಲ್ ಚೇಂಬರ್ಲೇನ್ ಈ ಹಕ್ಕಿಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡ್ತಿರೋ ವಿಜ್ಞಾನಿ. 'ವೈಲ್ಡ್ ಟರ್ಕಿ ಡಾಕ್' ಅನ್ನೋ ಹೆಸರಲ್ಲಿ ಇದೇ ಆ್ಯಪ್‌ನಲ್ಲಿ ತಮ್ಮ ಸಂಶೋಧನೆಯನ್ನು ಬೇಟೆಗಾರರಿಗೆ ವಿವರಿಸ್ತಾರೆ, ಮಂಗಳವಾರದ ಟರ್ಕಿ ಪೋಸ್ಟ್ ಅಂದರೆ ಅವರದ್ದೇ. ಹಕ್ಕಿಗಳಿಗೆ ಜಿಪಿಎಸ್ ಕಟ್ಟಿ ಬಿಡ್ತಾರೆ, ಕಾಡಿನ ಮರಗಳಿಗೆ ರೆಕಾರ್ಡರ್ ಕಟ್ಟಿ ಕೂಗು ಎಣಿಸ್ತಾರೆ. ಬೇಟೆಗಾರರು ಬರೋ ಕಾಡಿನಲ್ಲಿ ಋತು ಶುರುವಾದ ಮೇಲೆ ಕೂಗು ಇಳಿಯುತ್ತೆ ಅಂತ ಅವರ ತಂಡ ಕಂಡುಕೊಂಡಿದೆ. ಬಹಳ ಕೂಗೋ ಗಂಡು ಮೊದಲು ಸಾಯುತ್ತೆ, ಉಳಿದವು ಬಾಯಿ ಮುಚ್ಚಿಕೊಂಡು ಓಡಾಡ್ತವೆ.

ಕೊನೆಯ ಫೋಟೋದಲ್ಲಿ ಹಕ್ಕಿ ಇಲ್ಲ, ಮನುಷ್ಯನೂ ಇಲ್ಲ. ಮರಕ್ಕೆ ಕಟ್ಟಿದ ಒಂದು ಡಬ್ಬಿ, ಅಷ್ಟೇ. ಅದು ಅಂಥದ್ದೇ ಒಂದು ರೆಕಾರ್ಡರ್. ಕತ್ತಲು ಕಳೆಯೋ ಮುಂಚೆ ಆನ್ ಆಗುತ್ತೆ, ಯಾರಾದರೂ ಕೂಗ್ತಾರಾ ಅಂತ ಕೇಳಿಸಿಕೊಳ್ಳುತ್ತೆ.

#ಇತಿಹಾಸ #ಟರ್ಕಿಕೋಳಿ #ಬೇಟೆಯಕಥೆ #ಕನ್ನಡದಲ್ಲಿಓದಿ