ಬೇಗಂ ಬಜಾರಿನ ಪಾಯಖಾನೆ ಮತ್ತು ಪರಂಗಿ ರೋಗ

ಬೇಗಂ ಬಜಾರನ್ನು ನೋಡದ ಕನ್ನಡ ಕುಟುಂಬ ಹೈದರಾಬಾದಿನಲ್ಲಿ ವಿರಳ. ಮದುವೆಯ ಪಾತ್ರೆ, ಹಬ್ಬದ ಒಣಹಣ್ಣು, ವರ್ಷದ ಮಸಾಲೆ ಸಾಮಾನು, ಎಲ್ಲಕ್ಕೂ ನಮಗೆ ಅದೇ ಪೇಟೆ. ನಿಜಾಂ ಅಲಿಖಾನರ ಪತ್ನಿ ಹುಮ್ದಾ ಬೇಗಂ ವರ್ತಕರಿಗೆ ಕೊಟ್ಟ ಜಾಗದಲ್ಲಿ ಬೆಳೆದುದರಿಂದ ಅದಕ್ಕೆ ಈ ಹೆಸರು ಬಂದಿತೆನ್ನುತ್ತಾರೆ. 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರುಗಳಿಗೂ ಹೈದರಾಬಾದೇ ರಾಜಧಾನಿ. ಆದ್ದರಿಂದ ನಮ್ಮ ಹಿರಿಯರಿಗೂ ಇದು ಪರಿಚಿತ ಪೇಟೆಯೇ.

ಆದರೆ ಅಲ್ಲಿಗೆ ಹೊರಡುವ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಹೊಲಸು ಒಂದು ಕಾರಣ; ಸಾರ್ವಜನಿಕ ಪಾಯಖಾನೆಗೆ ಹೋದರೆ 'ಕೆಟ್ಟ ರೋಗ' ಅಂಟೀತೆಂಬ ಭಯ ಇನ್ನೊಂದು. ರೋಗಿ ಮೂತ್ರ ಮಾಡಿದ ಜಾಗದಲ್ಲಿ ಮೂತ್ರ ಮಾಡಿದರೆ ಮೇಹವ್ಯಾಧಿ ಬರುತ್ತದೆಂಬ ಮಾತು ನಮ್ಮಲ್ಲಿ ಹಳೆಯದು. ಈ ಭಯ ಎಲ್ಲಿಂದ ಬಂದಿತು, ಅದರಲ್ಲಿ ಸತ್ಯವೆಷ್ಟು ಎಂಬುದನ್ನು ನೋಡೋಣ.

ಈ ರೋಗಗಳ ಚರಿತ್ರೆಯಲ್ಲಿ ಮೊದಲಿನಿಂದಲೂ ಒಂದು ಗುಣ ಕಾಣುತ್ತದೆ: ತಪ್ಪು ಯಾವಾಗಲೂ ಪರರದು! ಸಿಫಿಲಿಸ್ ನಮ್ಮ ನಾಡಿಗೆ ಬಂದದ್ದು ಪೋರ್ತುಗೀಸರ ಕಾಲದಲ್ಲಿ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ ಅದನ್ನು ಫಿರಂಗ ರೋಗವೆಂದು ಕರೆದನು. ಕನ್ನಡದಲ್ಲಿ ಅದೇ ಪರಂಗಿ ರೋಗವಾಯಿತು. ಅದಕ್ಕೆ ಅವನು ಹೇಳಿದ ಔಷಧಿ ಚೋಬ್‌ಚೀನಿ, ಅಂದರೆ ನಮ್ಮ ಪರಂಗಿ ಚಕ್ಕೆ. ಯುರೋಪಿನಲ್ಲಿಯೂ ಇದೇ ಕಥೆ: ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು.

ಬ್ರಿಟಿಷರು ಈ ತಪ್ಪನ್ನು ಹೆಂಗಸರ ಮೇಲೆ ಹೊರಿಸಿದರು. 1864ರ ದಂಡಿನ ಕಾಯಿದೆ, 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಗಳ ಕಾಲದಲ್ಲಿ ದಂಡು ಪ್ರದೇಶಗಳ ವೇಶ್ಯೆಯರನ್ನು ಬಲವಂತದಿಂದ ಪರೀಕ್ಷಿಸಿ ಪ್ರತ್ಯೇಕ ಆಸ್ಪತ್ರೆಗಳಲ್ಲಿ ಇಡುತ್ತಿದ್ದರು. ಕಾಯಿದೆಯ ಭಾರವೆಲ್ಲ ಬಿದ್ದದ್ದು ಹೆಂಗಸರ ಮೇಲೆ.

1879ರಲ್ಲಿ ನೈಸರ್ ಎಂಬ ವೈದ್ಯ ಗೊನೋರಿಯಾದ ರೋಗಾಣುವನ್ನು ಗುರುತಿಸಿದನು; 1905ರಲ್ಲಿ ಷೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸಿನ ರೋಗಾಣುವನ್ನು ಕಂಡರು. ಇದರಿಂದ ಸಂದೇಹ ತೀರಬೇಕಾಗಿತ್ತು. ಆದರೆ ಅಮೆರಿಕದಲ್ಲಿ ಚಿಕ್ಕ ಬಾಲಕಿಯರಲ್ಲಿ ಗೊನೋರಿಯಾ ಕಂಡಾಗ ಅನೇಕ ವೈದ್ಯರು ಶಾಲೆಯ ಶೌಚಾಲಯದ ಪೀಠವನ್ನು ದೂರಿದರು. ಸಂಭಾವಿತರ ಮನೆಯೊಳಗೇ ಮಗುವಿನ ಮೇಲೆ ಅತ್ಯಾಚಾರ ನಡೆದಿರಬಹುದೆಂದು ಒಪ್ಪಲು ಅವರಿಗೆ ಮನಸ್ಸು ಬರಲಿಲ್ಲ. ಪೀಠದ ಮೇಲೆ ತಪ್ಪು ಹೊರಿಸಿದಷ್ಟೂ ನಿಜವಾದ ಅಪರಾಧಿ ತಪ್ಪಿಸಿಕೊಂಡನು. ಈ ಸಂಗತಿಯನ್ನು ನಾವು ಮರೆಯಬಾರದು.

ವಿಜ್ಞಾನ ಹೇಳುವುದು ಇಷ್ಟು: ಸಿಫಿಲಿಸ್, ಗೊನೋರಿಯಾಗಳ ರೋಗಾಣುಗಳು ಬಹಳ ಸೂಕ್ಷ್ಮ, ದೇಹದಿಂದ ಹೊರಬಿದ್ದು ಒಣಗಿದರೆ ಬೇಗನೆ ಸಾಯುತ್ತವೆ. ನಮ್ಮ ದೇಶದಲ್ಲಿ 1986ರಲ್ಲಿ ಮದರಾಸಿನಲ್ಲಿ ಮೊದಲು ಪತ್ತೆಯಾದ ಏಡ್ಸ್ ವೈರಸ್ಸೂ ಪಾಯಖಾನೆಯಿಂದ ಹರಡುವುದಿಲ್ಲ. ಟ್ರೈಕೊಮೊನಾಸ್ ಎಂಬ ಜೀವಿ ಮಾತ್ರ ಒದ್ದೆಯಲ್ಲಿ ಕೆಲಹೊತ್ತು ಬದುಕಬಲ್ಲದು. ಅದೂ ಹರಡುವುದು ಮುಖ್ಯವಾಗಿ ಸಂಭೋಗದಿಂದಲೇ. ಒಬ್ಬರ ಒದ್ದೆ ಟವೆಲನ್ನು ಇನ್ನೊಬ್ಬರು ಬಳಸದಿದ್ದರೆ ಸಾಕು. ಇನ್ನು ಕುಕ್ಕರಗಾಲಿನಲ್ಲಿ ಕೂರುವ ನಮ್ಮ ದೇಶೀ ಪಾಯಖಾನೆಯಲ್ಲಿ ಪಾದಗಳ ಹೊರತು ಮೈ ಎಲ್ಲಿಯೂ ತಗಲುವುದೇ ಇಲ್ಲವಷ್ಟೆ!

ಹಾಗೆಂದು ಹೊಲಸು ಪಾಯಖಾನೆ ನಿರಪಾಯಕರವೆಂದು ಯಾರೂ ತಿಳಿಯಬಾರದು. ಅದರಿಂದ ಹರಡುವ ರೋಗಗಳು ಬೇರೆ: ಕಾಲರಾ, ಟೈಫಾಯ್ಡ್, ಆಮಶಂಕೆ, ಕಾಮಾಲೆಯ ಒಂದು ಬಗೆ. ಇವುಗಳ ದಾರಿ ಕೈಯಿಂದ ಬಾಯಿಗೆ, ಮಲದಿಂದ ನೀರಿಗೆ. ಇದನ್ನು ಚೆನ್ನಾಗಿ ಬಲ್ಲವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬೇಗಂ ಬಜಾರೂ ಸೇರಿದಂತೆ ದಡದ ಪೇಟೆಗಳನ್ನು ಹಾಳುಮಾಡಿದಾಗ, ನಿಜಾಮರು ಅವರನ್ನು ಕರೆಸಿಕೊಂಡರು. ಅವರ ಸಲಹೆಯಿಂದಲೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದವು. ಆದರೆ ಅವರು ಪ್ರವಾಹವನ್ನಷ್ಟೇ ನೋಡಲಿಲ್ಲ. ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ಸಿದ್ಧಪಡಿಸಿದರು. ಊರಿನ ಆರೋಗ್ಯ ನೆಲದ ಕೆಳಗಿನ ಕೊಳವೆಯಲ್ಲಿದೆ ಎಂಬುದು ಆ ಕನ್ನಡಿಗನಿಗೆ ಗೊತ್ತಿತ್ತು.

ಸುಳ್ಳು ಭಯದಿಂದ ಎರಡು ಹಾನಿಗಳಿವೆ. ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದುಕೊಂಡು ತಿರುಗುವ ಹೆಂಗಸರಿಗೆ ಉರಿಮೂತ್ರದ ಸೋಂಕು ಬರುವ ಸಂಭವ ಹೆಚ್ಚು; ಆಗ ಪಾಪ, ಪಾಯಖಾನೆಯನ್ನೇ ದೂರುತ್ತಾರೆ! ಎರಡನೆಯದು ಇನ್ನೂ ಘೋರ. ಗಂಡನಿಂದ ರೋಗ ಬಂದ ಹೆಂಡತಿಗೆ 'ಎಲ್ಲೋ ಹೊರಗಿನ ಪಾಯಖಾನೆಗೆ ಹೋಗಿದ್ದೆಯೇನೋ' ಎಂದು ಹೇಳಿ ಬಾಯಿ ಮುಚ್ಚಿಸುವುದು ಸುಲಭ. ಅವಳೊಬ್ಬಳಿಗೆ ಮದ್ದು ಕೊಡಿಸಿದರೆ ರೋಗ ಮತ್ತೆ ಬರುತ್ತದೆ. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. 1943ರಿಂದೀಚೆಗೆ ಪೆನಿಸಿಲಿನ್ ಸಿಫಿಲಿಸನ್ನು ಗುಣಪಡಿಸುತ್ತಿದೆ. ಸರಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಗುಟ್ಟಾಗಿ, ಉಚಿತವಾಗಿ ಚಿಕಿತ್ಸೆ ದೊರೆಯುತ್ತದೆ.

ನಮ್ಮ ತಾಯಂದಿರು ಪೇಟೆಗೆ ಹೋಗುವಾಗ ಧಾರಾಳವಾಗಿ ನೀರು ಕುಡಿಯಲಿ, ಬೇಕಾದಾಗ ಪಾಯಖಾನೆಗೆ ಹೋಗಲಿ, ಬಂದು ಸಾಬೂನಿನಿಂದ ಕೈ ತೊಳೆಯಲಿ. ಪಾಯಖಾನೆ ಶುಚಿಯಾಗಿಲ್ಲದಿದ್ದರೆ ನಗರಸಭೆಯನ್ನು ಕೇಳುವ ಹಕ್ಕು ನಮಗಿದೆ. ಆ ಹಕ್ಕನ್ನು ಚಲಾಯಿಸೋಣ. ಗೋಡೆ, ನೆಲ, ಪೀಠಗಳ ಮೇಲೆ ಮನುಷ್ಯರ ತಪ್ಪನ್ನು ಹೊರಿಸುವುದನ್ನು ಬಿಡೋಣ.